ಓಡಿದ್ದು 109 ಗಜ, ಬರೆದದ್ದು 100

2013ರ ನವೆಂಬರ್ 30, ಶನಿವಾರ. ಅಮೆರಿಕದ ಅಲಬಾಮಾ ರಾಜ್ಯದ ಆಬರ್ನ್ ಎಂಬ ಊರಲ್ಲಿ ಕಾಲೇಜು ತಂಡಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಕ್ರಿಸ್ ಡೇವಿಸ್ ಎಂಬ ಕಾಲೇಜು ಹುಡುಗ ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು ಮೈದಾನದ ಈ ತುದಿಯಿಂದ ಆ ತುದಿಗೆ ಓಡಿದ. ಓಡಿದ್ದು 109 ಗಜ. ಅಧಿಕೃತ ಲೆಕ್ಕದಲ್ಲಿ ಬರೆದುಕೊಂಡದ್ದು 100 ಗಜ.

ಉಳಿದ 9 ಗಜ ಎಲ್ಲಿ ಹೋಯಿತು? ಸ್ಟೇಡಿಯಂನಲ್ಲಿ ಕೂತಿದ್ದ 87,451 ಜನ ಅದನ್ನು ಕಣ್ಣಾರೆ ನೋಡಿದ್ದಾರೆ. ಆದರೆ ಆ 9 ಗಜ ಗೋಲ್ ಗೆರೆಯ ಹಿಂದಿನದು. ಇಂಥ ಓಟದಲ್ಲಿ ಗೆರೆಯ ಹಿಂದೆ ಓಡಿದ್ದನ್ನು ಕಾಲೇಜು ಫುಟ್‌ಬಾಲಿನ ಲೆಕ್ಕದವರು ಎಣಿಸುವುದಿಲ್ಲ. ನಿಯಮ ಅಂದ್ರೆ ನಿಯಮ.

ಆ ಒಂದು ಓಟಕ್ಕೆ ದೇಶದ ನಂಬರ್ 1 ತಂಡ ಸೋತಿತು. ಅಲಬಾಮಾ ವಿಶ್ವವಿದ್ಯಾಲಯದ ತಂಡ ಅದು. ಹಿಂದಿನ ಎರಡು ವರ್ಷ ಸಾಲಾಗಿ ರಾಷ್ಟ್ರೀಯ ಚಾಂಪಿಯನ್. ಆ ವರ್ಷ ಆಡಿದ 11 ಪಂದ್ಯದಲ್ಲಿ 11 ಗೆಲುವು. ಎದುರಿಗಿದ್ದ, ಡೇವಿಸ್ ಆಡುತ್ತಿದ್ದ ಆಬರ್ನ್ ತಂಡ ಆ ಹೊತ್ತಿಗೆ ನಂಬರ್ 4 ಆಗಿತ್ತು, ನಿಜ. ಆದರೆ ಒಂದೇ ವರ್ಷದ ಹಿಂದೆ ಇದೇ ಆಬರ್ನ್ 12 ಪಂದ್ಯದಲ್ಲಿ 3 ಮಾತ್ರ ಗೆದ್ದು, ಇದೇ ಅಲಬಾಮಾ ಕೈಲಿ 49-0 ಅಂತ ಹೊಡೆಸಿಕೊಂಡಿತ್ತು. ಈ ಸಲ ಆಬರ್ನ್ 34, ಅಲಬಾಮಾ 28.

ಪಂದ್ಯ ಮುಗಿದ ಮೇಲೆ ಬರುವ ಅಂಕಿಅಂಶದ ಹಾಳೆ ನೋಡಿದರೆ ತಲೆ ಕೆರೆದುಕೊಳ್ಳಬೇಕು. ಓಡಿ, ಎಸೆದು ಚೆಂಡನ್ನು ಮುಂದೆ ಒಯ್ದು ಅಲಬಾಮಾ ಗಳಿಸಿದ್ದು 495 ಗಜ. ಆಬರ್ನ್ 393. ನೂರು ಗಜಕ್ಕಿಂತ ಜಾಸ್ತಿ ಮುಂದಿದ್ದ ತಂಡ ಸೋತದ್ದು ಹೇಗೆ? "ನಸೀಬು" ಅಂತ ಒಂದೇ ಮಾತಿನಲ್ಲಿ ಮುಗಿಸಬಹುದು. ಅಲಬಾಮಾ ಅಭಿಮಾನಿಗಳು ಹಾಗೇ ಮುಗಿಸಿದ್ದಾರೆ. ನನಗೆ ಮಾತ್ರ ಆ ಹಾಳೆಯನ್ನೇ ಸ್ವಲ್ಪ ಬಿಡಿಸಿ ನೋಡಬೇಕು ಅನ್ನಿಸುತ್ತದೆ. ಹಾಳೆ ಸುಳ್ಳು ಹೇಳುವುದಿಲ್ಲ. ಆದರೆ ಅದು ಏನನ್ನು ಎಣಿಸುತ್ತದೆ, ಏನನ್ನು ಬಿಡುತ್ತದೆ ಅನ್ನುವುದು ಗೊತ್ತಿಲ್ಲದೆ ಓದಿದರೆ ನಾವೇ ದಾರಿ ತಪ್ಪುತ್ತೇವೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು

ಇದು ನಮ್ಮ ಕಾಲ್ಚೆಂಡು ಅಲ್ಲ. ಹೆಸರು ಫುಟ್‌ಬಾಲ್, ಕೆಲಸವೆಲ್ಲ ಹೆಚ್ಚುಕಮ್ಮಿ ಕೈಯದು. ಮೈದಾನ 100 ಗಜ ಉದ್ದ. ಎರಡೂ ತುದಿಯಲ್ಲಿ 10 ಗಜದ ಎಂಡ್ ಝೋನ್, ಅದು ಶುರುವಾಗುವ ಕಡೆ ಗೋಲ್ ಗೆರೆ. ಚೆಂಡು ಹಿಡಿದುಕೊಂಡು ಎದುರಾಳಿಯ ಎಂಡ್ ಝೋನ್ ಮುಟ್ಟಿದರೆ ಟಚ್‌ಡೌನ್, 6 ಅಂಕ. ಅದರ ಹಿಂದೆಯೇ ಒಂದು ಸಣ್ಣ ಒದೆತಕ್ಕೆ ಇನ್ನೊಂದು ಅಂಕ. ಅಲ್ಲಿವರೆಗೆ ಹೋಗಲು ಆಗದಿದ್ದರೆ ದೂರದಿಂದಲೇ ಒದ್ದು ಎರಡು ಕಂಬದ ನಡುವೆ ಹಾಯಿಸಬಹುದು. ಅದು ಫೀಲ್ಡ್ ಗೋಲ್, 3 ಅಂಕ.

ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಒಂದೊಂದಕ್ಕೂ ಡೌನ್ ಅನ್ನುತ್ತಾರೆ. ನಾಲ್ಕರಲ್ಲಿ 10 ಗಜ ಮುಂದೆ ಹೋದರೆ ಮತ್ತೆ ಹೊಸದಾಗಿ ನಾಲ್ಕು ಸಿಗುತ್ತದೆ. ಹೋಗದಿದ್ದರೆ ಚೆಂಡು ಎದುರಾಳಿಗೆ. ಮೂರು ಡೌನ್ ಕೈಕೊಟ್ಟರೆ ನಾಲ್ಕನೆಯದರಲ್ಲಿ ತಂಡಗಳು ಸಾಮಾನ್ಯವಾಗಿ ಒದ್ದುಬಿಡುತ್ತವೆ. ಹತ್ತಿರ ಇದ್ದರೆ ಫೀಲ್ಡ್ ಗೋಲಿಗೆ, ದೂರ ಇದ್ದರೆ ಚೆಂಡನ್ನು ಆದಷ್ಟು ಆಚೆ ಕಳಿಸುವ ಪಂಟ್. ಇಷ್ಟು ಸಾಕು.

ಅಲಬಾಮಾ ಮತ್ತು ಆಬರ್ನ್ ನಡುವಿನ ಈ ವಾರ್ಷಿಕ ಪಂದ್ಯಕ್ಕೆ ಐರನ್ ಬೌಲ್ ಅಂತ ಹೆಸರು. ಕಬ್ಬಿಣ, ಉಕ್ಕಿನ ಊರಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಹಳ ವರ್ಷ ನಡೆದದ್ದರಿಂದ ಆ ಹೆಸರು. ಜಿದ್ದು ಎಷ್ಟು ಅಂದ್ರೆ, 2010ರಲ್ಲಿ ಅಲಬಾಮಾ ಸೋತ ಸಿಟ್ಟಿಗೆ ಅದರ ಅಭಿಮಾನಿಯೊಬ್ಬ ಆಬರ್ನ್ ಪೇಟೆಯ ಮೂಲೆಯಲ್ಲಿದ್ದ ಹಳೆಯ ಓಕ್ ಮರಗಳಿಗೆ ವಿಷ ಹಾಕಿದ. ಗೆದ್ದಾಗ ಆಬರ್ನ್ ಜನ ಸೇರಿ ಸಂಭ್ರಮಿಸುತ್ತಿದ್ದದ್ದು ಆ ಮರಗಳ ಹತ್ತಿರ. ಆಮೇಲೆ ಅವನೇ ರೇಡಿಯೊ ಕಾರ್ಯಕ್ರಮಕ್ಕೆ ಫೋನ್ ಮಾಡಿ ಹೇಳಿಕೊಂಡ! ಮರಗಳು ಉಳಿಯಲಿಲ್ಲ. 2013ರ ಏಪ್ರಿಲ್‌ನಲ್ಲಿ ಕಡಿದು ತೆಗೆದರು. ಅದೇ ವರ್ಷದ ನವೆಂಬರಿನ ಪಂದ್ಯ ನಮ್ಮದು.

495ರಲ್ಲಿ 99

ಈಗ ಹಾಳೆಗೆ ಬರೋಣ. ಗಜಗಳನ್ನು ಸುಮ್ನೆ ಕೂಡಿ ಹಾಕುವುದರಲ್ಲೇ ಮೊದಲ ತೊಡಕು ಇದೆ.

ನಾಲ್ಕನೇ ಕ್ವಾರ್ಟರ್‌ನಲ್ಲಿ 21-21 ಸಮ ಇದ್ದಾಗ ಅಲಬಾಮಾ ತನ್ನದೇ ಗೋಲ್ ಗೆರೆಯಿಂದ ಬರೀ 1 ಗಜ ದೂರದಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅಲ್ಲಿಂದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಎ.ಜೆ. ಮಕ್ಯಾರನ್ ಎಸೆದ ಚೆಂಡನ್ನು ಅಮಾರಿ ಕೂಪರ್ ಹಿಡಿದು ನೇರ ಎಂಡ್ ಝೋನಿಗೆ ಓಡಿದ. 99 ಗಜದ ಟಚ್‌ಡೌನ್. ಗೆರೆಯಿಂದ ಗೆರೆಗೆ ಇದಕ್ಕಿಂತ ಉದ್ದ ಎಸೆದು ಗಳಿಸಲು ಸಾಧ್ಯವೇ ಇಲ್ಲ. ಸ್ಕೋರು 28-21.

ಅದ್ಭುತ ಆಟ, ಅನುಮಾನವಿಲ್ಲ. ಆದರೆ ಲೆಕ್ಕ ನೋಡಿ. ಅಲಬಾಮಾದ 495 ಗಜದಲ್ಲಿ ಐದನೇ ಒಂದು ಪಾಲು ಈ ಒಂದೇ ಎಸೆತದ್ದು. ಅದನ್ನು ಪಕ್ಕಕ್ಕಿಟ್ಟರೆ ಉಳಿಯುವುದು 396. ಆಬರ್ನ್‌ದು 393. ಅಂದರೆ ಇಡೀ ಪಂದ್ಯದಲ್ಲಿ, ಆ ಒಂದು ಗಳಿಗೆ ಬಿಟ್ಟರೆ, ಎರಡೂ ತಂಡ ಸರಿಸಮ. "ನೂರು ಗಜ ಮೇಲುಗೈ" ಅಂತ ನಾವು ಓದಿದ್ದು ನಿಜಕ್ಕೂ ಒಂದು ಎಸೆತ.

ಹಾಗಂತ ಆ ಎಸೆತವನ್ನು ಲೆಕ್ಕದಿಂದ ತೆಗೆದುಹಾಕಬೇಕು ಅಂತಲ್ಲ. ಅದಕ್ಕೆ ಸಿಕ್ಕ ಅಂಕ 7. ಎರಡನೇ ಕ್ವಾರ್ಟರ್‌ನಲ್ಲಿ ಅಲಬಾಮಾದ ಯೆಲ್ಡನ್ 1 ಗಜ ನುಗ್ಗಿ ಟಚ್‌ಡೌನ್ ಮಾಡಿದಾಗಲೂ ಸಿಕ್ಕಿದ್ದು 7. ಗಜದ ಹಾಳೆಯಲ್ಲಿ ಒಂದು 99, ಇನ್ನೊಂದು 1. ಅಂಕದ ಫಲಕದಲ್ಲಿ ಎರಡೂ ಒಂದೇ.

ಈ ತೊಡಕು ಹೊಸದಲ್ಲ. ವರ್ಜಿಲ್ ಕಾರ್ಟರ್ ಅಂತ ಒಬ್ಬ ಕ್ವಾರ್ಟರ್‌ಬ್ಯಾಕ್ ಇದ್ದ. ವೃತ್ತಿಪರ ಲೀಗಿನಲ್ಲಿ ಆಡುತ್ತಲೇ ಇದರ ಬಗ್ಗೆ ತಲೆ ಕೆಡಿಸಿಕೊಂಡಿದ್ದ. 1971ರಲ್ಲಿ ರಾಬರ್ಟ್ ಮೇಕಲ್ ಎಂಬ ಪ್ರಾಧ್ಯಾಪಕರ ಜತೆ ಸೇರಿ ಒಂದು ಸಂಶೋಧನಾ ಲೇಖನ ಬರೆದ. ಅವರ ಪ್ರಶ್ನೆ ಸರಳ. ಚೆಂಡು ಮೈದಾನದ ಇಂಥ ಜಾಗದಲ್ಲಿದ್ದರೆ ಅದರ ಬೆಲೆ ಸರಾಸರಿ ಎಷ್ಟು ಅಂಕ? ಎದುರಾಳಿಯ ಗೆರೆ ಹತ್ತಿರವಾದಷ್ಟೂ ಬೆಲೆ ಏರುತ್ತದೆ, ಅದು ಯಾರಿಗೂ ಗೊತ್ತು. ಕುತೂಹಲದ ವಿಷಯ ಇನ್ನೊಂದು ತುದಿಯದು. ಸ್ವಂತ ಗೆರೆಯ ಪಕ್ಕದಲ್ಲೇ ಚೆಂಡು ಇದ್ದರೆ ಅದರ ಬೆಲೆ ಸೊನ್ನೆಗಿಂತ ಕೆಳಗೆ. ಚೆಂಡು ನಿಮ್ಮ ಕೈಯಲ್ಲಿದೆ, ಆದರೂ ಮುಂದಿನ ಅಂಕ ಎದುರಾಳಿಗೆ ಹೋಗುವ ಸಾಧ್ಯತೆಯೇ ಜಾಸ್ತಿ. ಸಾಲದ ಸಮೇತ ಜಮೀನು ಕೊಂಡ ಹಾಗೆ.

ಇವತ್ತಿನ ಎಲ್ಲ "ನಿರೀಕ್ಷಿತ ಅಂಕ"ದ ಲೆಕ್ಕಗಳ ಬೇರು ಇಲ್ಲಿದೆ. ಒಂದು ಓಟಕ್ಕೆ ಎಷ್ಟು ಗಜ ಸಿಕ್ಕಿತು ಅನ್ನುವುದರ ಬದಲು, ಆ ಓಟದಿಂದ ಚೆಂಡಿನ ಬೆಲೆ ಎಷ್ಟು ಏರಿತು ಅಂತ ನೋಡುತ್ತಾರೆ. ಮೂರನೇ ಡೌನ್‌ನಲ್ಲಿ 2 ಗಜ ಬೇಕಿದ್ದಾಗ 3 ಗಜ ಓಡಿದರೆ ಅದು ಬಂಗಾರ. ಅದೇ ಡೌನ್‌ನಲ್ಲಿ 15 ಗಜ ಬೇಕಿದ್ದು 9 ಓಡಿದರೆ ಹಾಳೆಯಲ್ಲಿ 9 ಅಂತ ಚೆಂದ ಕಾಣುತ್ತದೆ, ಉಪಯೋಗ ಕಡಿಮೆ. ಇದನ್ನೇ ಇನ್ನೂ ಸರಳ ಮಾಡಿದ್ದು ಸಕ್ಸೆಸ್ ರೇಟ್. ಕಾಲೇಜು ಆಟದಲ್ಲಿ ಚಾಲ್ತಿಯಲ್ಲಿರುವ ಪ್ರಕಾರ, ಮೊದಲ ಡೌನ್‌ನಲ್ಲಿ ಬೇಕಾದ ಗಜದ ಅರ್ಧ ಸಿಕ್ಕರೆ ಪಾಸ್. ಎರಡನೆಯದರಲ್ಲಿ ನೂರಕ್ಕೆ 70. ಮೂರು, ನಾಲ್ಕರಲ್ಲಿ ಪೂರ್ತಿ ಸಿಗಬೇಕು. ಈ ಅಳತೆಯಲ್ಲಿ 99 ಗಜದ ಎಸೆತವೂ ಒಂದು ಪಾಸ್, 3 ಗಜದ ಓಟವೂ ಒಂದು ಪಾಸ್. ಒಂದೇ ಏಟಿನ ಆರ್ಭಟಕ್ಕೆ ಮರುಳಾಗದೆ, ತಂಡ ದಿನವಿಡೀ ಎಷ್ಟು ನಿಯತ್ತಾಗಿ ದುಡಿಯಿತು ಅಂತ ಅದು ಹೇಳುತ್ತದೆ.

ಒಳ್ಳೆಯ ಉಪಾಯಗಳೇ. ಆದರೆ ಆ ಸಂಜೆಯ ಸೋಲಿನ ಎಳೆ ಹಿಡಿದು ಹೊರಟರೆ ಇವೂ ನಮ್ಮನ್ನು ಅರ್ಧ ದಾರಿಯಲ್ಲೇ ಬಿಟ್ಟುಹೋಗುತ್ತವೆ.

ಒಂದು ಕಂಬದ ತಪ್ಪು, ಇನ್ನೊಂದು ಕಂಬದ ಸಾಲ

ಅಲಬಾಮಾದ ಕಿಕರ್ ಕೇಡ್ ಫಾಸ್ಟರ್. ಕೊನೆಯ ವರ್ಷದ ವಿದ್ಯಾರ್ಥಿ. ಅವನ ಸಾಲಿನಲ್ಲಿ ಬರೆದಿರುವುದು ಇಷ್ಟೇ: ಫೀಲ್ಡ್ ಗೋಲಿಗೆ ಮೂರು ಯತ್ನ, ಸೊನ್ನೆ. ಮೊದಲನೆಯದು 44 ಗಜ, ತಪ್ಪಿತು. ಎರಡನೆಯದು 33 ಗಜ, ತಪ್ಪಿತು. ಮೂರನೆಯದು ಮತ್ತೆ 44, ಅದನ್ನು ಆಬರ್ನ್ ಹುಡುಗರು ಹಾರಿ ತಡೆದರು.

ಆ ಎರಡನೆಯದರ ಕತೆ ಕೇಳಿ. 33 ಗಜದಿಂದ ಒದೆಯುವ ಮೊದಲು ಅವನು 28 ಗಜದಿಂದ ಒದ್ದಿದ್ದ. ಚೆಂಡು ಕಂಬದ ನಡುವೆ ಸರಿಯಾಗಿ ಹೋಗಿತ್ತು. ಆದರೆ ಚೆಂಡು ಬಿಡುವ ಮೊದಲೇ ಅವನ ತಂಡದವರು ಅಲುಗಾಡಿದರು ಅಂತ ರೆಫರಿ ಬಾವುಟ ಎಸೆದಿದ್ದ. ದಂಡ 5 ಗಜ. ಹಿಂದೆ ಹೋಗಿ ಮತ್ತೆ ಒದೆಯಬೇಕು. ಆಗ ತಪ್ಪಿತು. ಹಾಳೆಯಲ್ಲಿ ಸರಿಯಾಗಿ ಹೋದ ಒದೆತ ಇಲ್ಲ. ತಪ್ಪಿದ್ದು ಇದೆ.

ಕ್ರಿಕೆಟ್ ನೋಡುವವರಿಗೆ ಇದರ ನೋವು ಹೇಳಿಕೊಡಬೇಕಿಲ್ಲ. 2017ರ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಫಖರ್ ಝಮಾನ್ 3 ರನ್ ಮಾಡಿದ್ದಾಗ ಬುಮ್ರಾ ಎಸೆತಕ್ಕೆ ಧೋನಿ ಕ್ಯಾಚ್ ಹಿಡಿದರು. ನೋ ಬಾಲ್. ಫಖರ್ 114 ಹೊಡೆದ. ಸ್ಕೋರ್‌ಕಾರ್ಡಿನಲ್ಲಿ ಹುಡುಕಿದರೆ ಆ ಕ್ಯಾಚ್ ಎಲ್ಲೂ ಸಿಗುವುದಿಲ್ಲ. "ಎಕ್ಸ್‌ಟ್ರಾ" ಅನ್ನುವ ಸಾಲಿನಲ್ಲಿ ಒಂದು ರನ್ ಆಗಿ ಅಡಗಿ ಕೂತಿದೆ ಅಷ್ಟೇ.

ಫಾಸ್ಟರ್ ತಪ್ಪಿಸಿದ ಒದೆತಗಳ ಬೆಲೆ ತಲಾ 3 ಅಂಕ ಅಂತ ಹಾಳೆ ಹೇಳುತ್ತದೆ. ನಿಜವಾದ ಬೆಲೆ ಅದಕ್ಕಿಂತ ಹೆಚ್ಚು. ಯಾಕೆ ಅಂದ್ರೆ ಅವು ಕೋಚ್ ನಿಕ್ ಸೇಬನ್ ಮುಂದೆ ತೆಗೆದುಕೊಂಡ ತೀರ್ಮಾನಗಳ ಒಳಗೂ ಹೊಕ್ಕವು.

28-21 ಮುಂದಿದ್ದಾಗ, ಐದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಉಳಿದಿದ್ದಾಗ, ಅಲಬಾಮಾ ಎದುರಾಳಿಯ 13 ಗಜದ ಗೆರೆಯವರೆಗೆ ಹೋಗಿತ್ತು. ನಾಲ್ಕನೇ ಡೌನ್, ಬೇಕಿದ್ದದ್ದು 1 ಗಜ. ಕಂಬ ಇರುವುದು ಎಂಡ್ ಝೋನಿನ ಹಿಂಬದಿಯಲ್ಲಿ, ಒದೆಯುವವನೂ ಕೆಲವು ಗಜ ಹಿಂದೆ ನಿಲ್ಲುತ್ತಾನೆ; ಹಾಗಾಗಿ ಅಲ್ಲಿಂದ ಫೀಲ್ಡ್ ಗೋಲ್ ಅಂದರೆ ಸುಮಾರು 30 ಗಜದ ಒದೆತ. ಕಾಲೇಜು ಕಿಕರ್‌ಗೆ ಕಷ್ಟವಲ್ಲ. ಹೋದರೆ 31-21. ಹತ್ತು ಅಂಕದ ಅಂತರ ಆದರೆ ಎದುರಾಳಿ ಎರಡು ಸಲ ಅಂಕ ಗಳಿಸಬೇಕು, ಐದು ನಿಮಿಷದಲ್ಲಿ ಅದು ಬೆಟ್ಟ. ಸೇಬನ್ ಒದೆಸಲಿಲ್ಲ. ಯೆಲ್ಡನ್‌ಗೆ ಚೆಂಡು ಕೊಟ್ಟು ನುಗ್ಗಿಸಿದರು. ಆಬರ್ನ್ ಗೋಡೆಯಂತೆ ನಿಂತಿತು. ಒಂದು ಗಜ ಸಿಗಲಿಲ್ಲ.

ಕಿಕರ್ ಮೇಲೆ ನಂಬಿಕೆ ಅಲುಗಾಡಿತ್ತು, ಅದಕ್ಕೇ ಹಾಗೆ ಮಾಡಿದರು ಅನ್ನುವುದು ನನ್ನ ಊಹೆ. ಕೋಚ್ ಮನಸ್ಸಿನೊಳಗೆ ನಾನು ಇಣುಕಿಲ್ಲ. ಆದರೆ ಆ ಹೊತ್ತಿಗೆ ಎರಡು ಒದೆತ ತಪ್ಪದೆ ಇದ್ದಿದ್ದರೆ ಅದೇ ತೀರ್ಮಾನ ಆಗುತ್ತಿತ್ತಾ? ನನಗಂತೂ ಅನುಮಾನ. ಈಗ ಹಾಳೆ ನೋಡಿ. ಆ ಡೌನ್ "ಓಟ" ಅನ್ನುವ ಕಾಲಂನಲ್ಲಿದೆ, ಯೆಲ್ಡನ್ ಹೆಸರಿನಲ್ಲಿ. ಅದನ್ನು ಅಲ್ಲಿಗೆ ತಳ್ಳಿದ್ದು ಒದೆತದ ಕಾಲಂ. ಎರಡು ಕಾಲಂ ನಡುವೆ ಗೆರೆ ಇದೆ, ಕಿಟಕಿ ಇಲ್ಲ.

ಆಬರ್ನ್ ಕಡೆಯಲ್ಲೂ ಇದೇ ಆಯಿತು, ಒಳ್ಳೆಯ ರೀತಿಯಲ್ಲಿ. ಎಸೆತದಿಂದ ಆಬರ್ನ್ ಗಳಿಸಿದ್ದು ಇಡೀ ಪಂದ್ಯದಲ್ಲಿ ಬರೀ 97 ಗಜ. ಮಕ್ಯಾರನ್ 277 ಎಸೆದಿದ್ದ. ಹಾಳೆ ನೋಡಿದವರು "ಆಬರ್ನ್‌ಗೆ ಎಸೆಯಲು ಬರುವುದಿಲ್ಲ" ಅನ್ನುತ್ತಾರೆ. ಆದರೆ ಆ 97ರಲ್ಲಿ 39 ಬಂದದ್ದು ಕೊನೆಯ 32 ಸೆಕೆಂಡ್ ಉಳಿದಿದ್ದಾಗ, ಸ್ಕೋರನ್ನು 28-28 ಸಮ ಮಾಡಿದ ಒಂದು ಎಸೆತದಲ್ಲಿ.

ಅದು ಹೇಗೆ ಬಂತು ಅನ್ನುವುದೇ ರುಚಿ. ಅದಕ್ಕೆ ಮೊದಲು ಆಬರ್ನ್ ಸಾಲಾಗಿ ಟ್ರೆ ಮೇಸನ್ ಕೈಗೆ ಚೆಂಡು ಕೊಟ್ಟು ಓಡಿಸುತ್ತಲೇ ಇತ್ತು. ಸಮಯ ಓಡುತ್ತಿದೆ, ಏಳು ಅಂಕ ಹಿಂದಿದ್ದಾರೆ, ಆದರೂ ಓಟ, ಮತ್ತೆ ಓಟ. ಆ ದಿನ ಮೇಸನ್ ಒಟ್ಟು 164 ಗಜ ಓಡಿದ್ದ. ಕ್ವಾರ್ಟರ್‌ಬ್ಯಾಕ್ ನಿಕ್ ಮಾರ್ಷಲ್ ತಾನೂ 99 ಗಜ ಓಡಿದ್ದ. ಅಲಬಾಮಾ ಹುಡುಗರ ತಲೆಯಲ್ಲಿ ಓಟ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಮಾರ್ಷಲ್ ಎಡಕ್ಕೆ ಓಡಿದ. ಅವನನ್ನು ಹಿಡಿಯಲು ಅಂಚಿನ ರಕ್ಷಕ ಮುಂದೆ ನುಗ್ಗಿದ. ಆ ಡೌನ್ ಶುರುವಾದ ಗೆರೆ ದಾಟುವ ಮುಂಚೆ ಮಾರ್ಷಲ್ ಕೈ ಎತ್ತಿ ಎಸೆದ. ಆ ರಕ್ಷಕ ಬಿಟ್ಟು ಬಂದಿದ್ದ ಜಾಗದಲ್ಲಿ ಸ್ಯಾಮಿ ಕೋಟ್ಸ್ ಒಬ್ಬನೇ ನಿಂತಿದ್ದ. ಸುತ್ತ ಒಂದು ನರಪಿಳ್ಳೆ ಇಲ್ಲ.

ಹಾಳೆಯಲ್ಲಿ ಇದು ಎಸೆತದ 39 ಗಜ. ನಿಜವಾಗಿ ಇದು ಓಟದ ಸಂಪಾದನೆ. ಒಂದು ತುದಿಯಿಂದ ಕುಂಬ್ಳೆ ರನ್ ಕೊಡದೆ ಬಿಗಿ ಹಿಡಿದರೆ ಬ್ಯಾಟ್ಸ್‌ಮನ್ ತಾಳ್ಮೆ ಕೆಟ್ಟು ಇನ್ನೊಂದು ತುದಿಯವನಿಗೆ ವಿಕೆಟ್ ಒಪ್ಪಿಸುತ್ತಿದ್ದನಲ್ಲ, ಹಾಗೆ. ವಿಕೆಟ್ ಯಾರ ಹೆಸರಿಗೆ ಹೋಯಿತು, ದುಡಿದವರು ಯಾರು?

ಒಂದು ಸೆಕೆಂಡ್

28-28. ಯೆಲ್ಡನ್ ಚೆಂಡು ಹಿಡಿದು ಅಂಚಿನ ಗೆರೆಯಾಚೆ ಹೋದಾಗ ಗಡಿಯಾರ ಸೊನ್ನೆ ತೋರಿಸಿತು. ಪಂದ್ಯ ಹೆಚ್ಚುವರಿ ಅವಧಿಗೆ ಹೋಗಬೇಕಿತ್ತು. ಸೇಬನ್ ಒಪ್ಪಲಿಲ್ಲ. ರೆಫರಿಗಳು ವಿಡಿಯೊ ನೋಡಿ ಗಡಿಯಾರಕ್ಕೆ 1 ಸೆಕೆಂಡ್ ವಾಪಸ್ ಹಾಕಿದರು. ಅಲಬಾಮಾಗೆ ಒಂದು ಕೊನೆಯ ಅವಕಾಶ. ಕೇಳಿ ಪಡೆದದ್ದು, ನೆನಪಿರಲಿ.

57 ಗಜದ ಫೀಲ್ಡ್ ಗೋಲ್. ಬಹಳ ದೂರ. ಫಾಸ್ಟರ್ ಬದಲು ಕಾಲಿನಲ್ಲಿ ಜಾಸ್ತಿ ಬಲ ಇದ್ದ ಎಳೆಯ ಕಿಕರ್ ಆಡಮ್ ಗ್ರಿಫಿತ್‌ನನ್ನು ಕಳಿಸಿದರು. ಆಬರ್ನ್ ಕೋಚ್ ಗಸ್ ಮಾಲ್ಜಾನ್ ಟೈಮ್‌ಔಟ್ ತೆಗೆದುಕೊಂಡರು. ಚೆಂಡು ಗಿಡ್ಡ ಬಿದ್ದರೆ ಹಿಡಿಯಲಿ ಅಂತ ಕಂಬದ ಕೆಳಗೆ ಒಬ್ಬನನ್ನು ನಿಲ್ಲಿಸಿದ್ದರು. ಟೈಮ್‌ಔಟ್ ಆದ ಮೇಲೆ ಅವನನ್ನು ಬದಲಿಸಿ ಕ್ರಿಸ್ ಡೇವಿಸ್‌ನನ್ನು ನಿಲ್ಲಿಸಿದರು. ಡೇವಿಸ್ ತಂಡದ ಪಂಟ್‌ಗಳನ್ನು ಹಿಡಿದು ಓಡುವುದರಲ್ಲಿ ಪಳಗಿದವನು.

ಗುರಿ ಮುಟ್ಟದೆ ಗಿಡ್ಡ ಬಿದ್ದ ಫೀಲ್ಡ್ ಗೋಲಿನ ಚೆಂಡು ಸತ್ತ ಚೆಂಡಲ್ಲ. ಎದುರಾಳಿ ಅದನ್ನು ಹಿಡಿದು ಓಡಬಹುದು. ಚೆಂಡು ಗಿಡ್ಡ ಬಿತ್ತು. ಡೇವಿಸ್ ಹಿಡಿದ. ಆಗ ಅಲಬಾಮಾ ಕಡೆ ಮೈದಾನದಲ್ಲಿ ಇದ್ದವರು ಯಾರು ಅನ್ನುವುದರಲ್ಲಿ ಇಡೀ ಪಂದ್ಯ ಇತ್ತು. ಫೀಲ್ಡ್ ಗೋಲ್ ಒದೆಯುವಾಗ ಎದುರಾಳಿ ಹಾರಿ ತಡೆಯದ ಹಾಗೆ ಮುಂದೆ ದೊಡ್ಡ ದೊಡ್ಡ ಆಳುಗಳನ್ನು ಗೋಡೆ ಥರ ನಿಲ್ಲಿಸುತ್ತಾರೆ. ನೂರ ಮೂವತ್ತು ಕಿಲೋ ಸುತ್ತಮುತ್ತಲಿನ ಹುಡುಗರು. ಜತೆಗೆ ಚೆಂಡು ಹಿಡಿದು ನಿಲ್ಲಿಸುವವನೊಬ್ಬ, ಒದೆಯುವವನೊಬ್ಬ. ಓಡುವವನನ್ನು ಬೆನ್ನಟ್ಟಿ ಹಿಡಿಯುವ ಕಾಲು ಅವರಲ್ಲಿ ಯಾರಿಗೂ ಇರಲಿಲ್ಲ. ಡೇವಿಸ್ ಎಡ ಅಂಚು ಹಿಡಿದು ಹೊರಟ. ಒದ್ದಾಡಿಕೊಂಡು ಹಿಂದೆ ಬಂದವರು ಹಿಂದೆಯೇ ಉಳಿದರು.

ಜನ ಆ ಓಟಕ್ಕೆ ಕಿಕ್ ಸಿಕ್ಸ್ ಅಂತ ಹೆಸರಿಟ್ಟರು.

ಹಾಳೆಯಲ್ಲಿ ಇದು ಹೇಗೆ ಕಾಣುತ್ತದೆ? ಅಲಬಾಮಾ ಫೀಲ್ಡ್ ಗೋಲ್, 4ಕ್ಕೆ 0. ಅಷ್ಟೇ. 33 ಗಜದಿಂದ ತಪ್ಪಿದ್ದೂ ಒಂದು, ಪಂದ್ಯವನ್ನೇ ನುಂಗಿದ 57 ಗಜದ್ದೂ ಒಂದು. ಆಬರ್ನ್‌ನ 393 ಗಜದಲ್ಲಿ ಡೇವಿಸ್ ಓಡಿದ್ದು ಸೇರಿಯೇ ಇಲ್ಲ, ಯಾಕೆ ಅಂದ್ರೆ ಆಕ್ರಮಣದ ಗಜ ಬೇರೆ ಖಾತೆ, ಚೆಂಡು ಹಿಡಿದು ವಾಪಸ್ ಓಡಿದ ಗಜ ಬೇರೆ ಖಾತೆ. ತಮಾಷೆಗೆ ಕೂಡಿ ನೋಡಿ. 393ಕ್ಕೆ ಅಧಿಕೃತ 100 ಸೇರಿಸಿದರೆ 493. ಅಲಬಾಮಾಗಿಂತ 2 ಗಜ ಕಡಿಮೆ. ನಿಜವಾಗಿ ಓಡಿದ 109 ಸೇರಿಸಿದರೆ 502, ಅಲಬಾಮಾಗಿಂತ 7 ಹೆಚ್ಚು. ಲೆಕ್ಕಪತ್ರದವರು ಹೀಗೆ ಖಾತೆ ಬೆರೆಸಿದರೆ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಆದರೂ ನನಗೆ ಇದನ್ನು ಕೂಡದೆ ಇರಲು ಆಗಲಿಲ್ಲ.

ಇನ್ನು ಈಗ ಟಿವಿಯಲ್ಲಿ ಮೂಲೆಯಲ್ಲಿ ತೋರಿಸುವ ಗೆಲುವಿನ ಸಾಧ್ಯತೆ. ಹಿಂದಿನ ಸಾವಿರಾರು ಪಂದ್ಯದಲ್ಲಿ ಇಂಥದೇ ಸ್ಕೋರು, ಇಂಥದೇ ಹೊತ್ತು, ಇಂಥದೇ ಜಾಗ ಇದ್ದಾಗ ಯಾರು ಗೆದ್ದರು ಅಂತ ನೋಡಿ ಹೇಳುವ ಸಂಖ್ಯೆ ಅದು. 28-28, ಒಂದು ಸೆಕೆಂಡ್, ಚೆಂಡು ಅಲಬಾಮಾ ಕೈಯಲ್ಲಿ. ಇಂಥ ಲೆಕ್ಕಕ್ಕೆ ಮುಖ್ಯವಾಗಿ ಕಾಣುವ ದಾರಿ ಎರಡು. ಒದೆತ ಹೋದರೆ ಗೆಲುವು, ತಪ್ಪಿದರೆ ಹೆಚ್ಚುವರಿ ಅವಧಿ. ಸೋಲುವ ದಾರಿ ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣದು. ಸೇಬನ್ ತಲೆಯಲ್ಲೂ ಬಹುಶಃ ಇದೇ ಲೆಕ್ಕ ಇತ್ತು: ಹೋದರೆ ಹೋಯಿತು, ಹೋಗದಿದ್ದರೆ ನಷ್ಟ ಏನು? ಮೈದಾನದಲ್ಲಿರುವ ಹನ್ನೊಂದು ಜನ ಎಷ್ಟು ಭಾರ ಇದ್ದಾರೆ, ಎದುರು ನಿಂತವನು ಎಷ್ಟು ವೇಗದವನು ಅನ್ನುವುದಕ್ಕೆ ಆ ಲೆಕ್ಕದಲ್ಲಿ ಜಾಗ ಇರಲಿಲ್ಲ. ಮಾಲ್ಜಾನ್‌ಗೆ ಮಾತ್ರ ಆ ಒಂದು ಟೈಮ್‌ಔಟ್‌ನಲ್ಲಿ ಅದು ಹೊಳೆಯಿತು.

ಹಾಗಾದರೆ ಹಾಳೆ ಹರಿದು ಎಸೆಯೋದಾ?

ಬೇಡ. ಅದರ ಪರವಾಗಿಯೂ ಒಂದು ಸಾಕ್ಷಿ ಇದೆ, ಅದೂ ಅಲಬಾಮಾದ್ದೇ.

ಎರಡು ವರ್ಷ ಮೊದಲು, 2011ರ ನವೆಂಬರ್ 5ರಂದು, ಅಲಬಾಮಾ ತನ್ನ ಮನೆಯಂಗಳದಲ್ಲಿ ಲೂಸಿಯಾನಾ ಸ್ಟೇಟ್ ತಂಡಕ್ಕೆ ಹೆಚ್ಚುವರಿ ಅವಧಿಯಲ್ಲಿ 9-6 ಸೋತಿತ್ತು. ಒಂದೂ ಟಚ್‌ಡೌನ್ ಇಲ್ಲದ ಪಂದ್ಯ. ಅಲಬಾಮಾ 295 ಗಜ, ಎದುರಾಳಿ 239. ಆಗಲೂ ಮುಳುಗಿಸಿದ್ದು ಒದೆತ: ನಾಲ್ಕು ಫೀಲ್ಡ್ ಗೋಲ್ ಕೈತಪ್ಪಿದವು. ಗಜ ನೋಡಿದವರು "ಅಲಬಾಮಾನೇ ಮೇಲು, ಒದೆತ ಕೆಟ್ಟಿತು ಅಷ್ಟೇ" ಅಂದರು. ಸೋತವರು ಹೇಳಿಕೊಳ್ಳುವ ಸಮಾಧಾನ ಅಂತ ಉಳಿದವರು ನಕ್ಕರು. 2012ರ ಜನವರಿ 9ರಂದು ಚಾಂಪಿಯನ್‌ಷಿಪ್ ಪಂದ್ಯದಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ, ಅದೇ ಎರಡು ತಂಡ ಮತ್ತೆ ಎದುರಾದವು. ಅಲಬಾಮಾ 21, ಲೂಸಿಯಾನಾ ಸ್ಟೇಟ್ 0. ಎದುರಾಳಿಗೆ ಇಡೀ ಪಂದ್ಯದಲ್ಲಿ ಸಿಕ್ಕಿದ್ದು 92 ಗಜ. ನವೆಂಬರಿನ ಹಾಳೆ ಹೇಳಿದ್ದೇ ನಿಜವಾಗಿತ್ತು.

ಇಲ್ಲೇ ಒಂದು ವ್ಯತ್ಯಾಸ ಗಮನಿಸಬೇಕು. ಗಜ, ಸಕ್ಸೆಸ್ ರೇಟ್, ನಿರೀಕ್ಷಿತ ಅಂಕ ಇವೆಲ್ಲ ಮುಂದಿನ ಪಂದ್ಯದಲ್ಲಿ ಏನಾಗಬಹುದು ಅನ್ನುವುದಕ್ಕೆ ಒಳ್ಳೆಯ ಸುಳಿವು. ನಿನ್ನೆಯ ಪಂದ್ಯದಲ್ಲಿ ಯಾಕೆ ಸೋತೆವು ಅನ್ನುವುದು ಬೇರೆಯೇ ಪ್ರಶ್ನೆ. ನೆಲಕ್ಕೆ ಬಿದ್ದ ಚೆಂಡು ಯಾರ ಕೈಗೆ ಪುಟಿಯುತ್ತದೆ ಅನ್ನುವುದು ಹೆಚ್ಚುಕಮ್ಮಿ ನಾಣ್ಯ ಚಿಮ್ಮಿದ ಹಾಗೆ. ಮುಂದಿನದನ್ನು ಊಹಿಸುವವರು ಅದನ್ನು ಬೇಕಂತಲೇ ಬದಿಗಿಡುತ್ತಾರೆ, ಸರಿಯಾಗಿಯೇ ಮಾಡುತ್ತಾರೆ. ಆದರೆ ನಿನ್ನೆಯ ಸೋಲಿಗೆ ಅದೇ ಕಾರಣ ಇರಬಹುದು. ಬದಿಗಿಟ್ಟ ಹಾಳೆಯನ್ನು ತಂದು "ನಾವು ನಿಜಕ್ಕೂ ಗೆಲ್ಲಬೇಕಿತ್ತು" ಅಂತ ವಾದ ಮಾಡಿದರೆ ತಪ್ಪು ಹಾಳೆಯದಲ್ಲ.

ಕಾಲೇಜು ಫುಟ್‌ಬಾಲ್‌ನಲ್ಲಿ ಈ ಗೊಂದಲ ಇನ್ನೂ ಜಾಸ್ತಿ. ಬೇಸ್‌ಬಾಲ್ ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ, ಅದೃಷ್ಟ ಅತ್ತ ಇತ್ತ ಹೊಯ್ದಾಡಿ ಕೊನೆಗೆ ಸಮ ಆಗುತ್ತದೆ. ಇಲ್ಲಿ ಲೀಗಿನ ಪಂದ್ಯ 12. ಒಂದು ಸೆಕೆಂಡ್ ಇಡೀ ವರ್ಷವನ್ನೇ ಮುಳುಗಿಸಬಹುದು. ಅಲಬಾಮಾಗೆ ಆದದ್ದೂ ಅದೇ. ಮೂರನೇ ಸಲ ಸಾಲಾಗಿ ಚಾಂಪಿಯನ್ ಆಗುವ ಕನಸು ಅಲ್ಲಿಗೆ ಮುಗಿಯಿತು. ಆಬರ್ನ್ ಮುಂದೆ ಹೋಗಿ ಮಿಸೌರಿಯನ್ನು 59-42 ಸೋಲಿಸಿ, ರಾಷ್ಟ್ರೀಯ ಫೈನಲ್‌ನಲ್ಲಿ ಫ್ಲೋರಿಡಾ ಸ್ಟೇಟ್‌ಗೆ 34-31 ಸೋತಿತು. ಅಲ್ಲಿ ಕೊನೆಯ 13 ಸೆಕೆಂಡ್ ಇದ್ದಾಗ ಟಚ್‌ಡೌನ್ ಹೊಡೆಸಿಕೊಂಡದ್ದು ಆಬರ್ನ್. ಇದನ್ನು ಕೇಳಿ ಅಲಬಾಮಾ ವಿಶ್ವವಿದ್ಯಾಲಯದ ಊರಾದ ಟಸ್ಕಲೂಸಾದಲ್ಲಿ ಎಷ್ಟು ಜನ ನಕ್ಕರೋ!

ಮರುವರ್ಷದ ಐರನ್ ಬೌಲ್ ಇನ್ನೂ ಚೆಂದ. 2014ರ ನವೆಂಬರ್ 29. ಈ ಸಲ ಗಜದಲ್ಲಿ ಮುಂದೆ ಇದ್ದದ್ದು ಆಬರ್ನ್. ಸಾಮಾನ್ಯ ಅಂತರವೂ ಅಲ್ಲ. ಆಬರ್ನ್ 630, ಅಲಬಾಮಾ 539. ಗೆದ್ದದ್ದು ಅಲಬಾಮಾ, 55-44. "ಎಸೆಯಲು ಬರುವುದಿಲ್ಲ" ಅನ್ನಿಸಿಕೊಂಡಿದ್ದ ಮಾರ್ಷಲ್ 456 ಗಜ ಎಸೆದು ಸೋತ. ಕಾರಣ ಹುಡುಕಿದರೆ ಒಂದು ಕಾಲಂ ಕಣ್ಣಿಗೆ ಬೀಳುತ್ತದೆ: ಆಬರ್ನ್ ಐದು ಸಲ ಎದುರಾಳಿಯ ಅಂಗಳಕ್ಕೆ ಹೋಗಿ, ಟಚ್‌ಡೌನ್ ಆಗದೆ, ಫೀಲ್ಡ್ ಗೋಲ್‌ಗೆ ಸಮಾಧಾನ ಪಟ್ಟುಕೊಂಡಿತ್ತು. ಐದೂ ಒದೆತ ಕಂಬದ ನಡುವೆಯೇ ಹೋದವು. ಹಾಳೆಯಲ್ಲಿ 5ಕ್ಕೆ 5. ಒಂದು ವರ್ಷ ಒದೆತ ತಪ್ಪಿದ ತಂಡ ಸೋತಿತು, ಮರುವರ್ಷ ಒಂದೂ ತಪ್ಪದ ತಂಡ ಸೋತಿತು.

ಕೇಡ್ ಫಾಸ್ಟರ್ ವಿಷಯಕ್ಕೆ ಬರೋಣ. ಆ ರಾತ್ರಿ ಸಾಮಾಜಿಕ ಜಾಲತಾಣದಲ್ಲಿ ಜನ ಅವನಿಗೆ ಬೈದರು, ಬೆದರಿಕೆ ಹಾಕಿದರು. ಅವರ ಕೈಯಲ್ಲಿದ್ದ ಸಾಕ್ಷಿ ಒಂದೇ, ಮೂರಕ್ಕೆ ಸೊನ್ನೆ. 1 ಗಜ ನುಗ್ಗಲಾಗದ ಗೋಡೆ, ಮುಂದೆ ನುಗ್ಗಿ ಮೋಸಹೋದ ರಕ್ಷಕ, ಕೇಳಿ ಪಡೆದ ಒಂದು ಸೆಕೆಂಡ್, ಯಾವುದಕ್ಕೂ ಅಷ್ಟು ಸಣ್ಣ, ಅಷ್ಟು ಚೊಕ್ಕ ಸಂಖ್ಯೆ ಇರಲಿಲ್ಲ. ಸಂಖ್ಯೆ ಇದ್ದವನಿಗೆ ಬೈಗುಳ ಹೋಯಿತು.

ಕೆಲವು ದಿನದ ಮೇಲೆ ಅವನಿಗೆ ಕೈಬರಹದ ಒಂದು ಚೀಟಿ ಬಂತು. ಬರೆದವರು ಮಾಜಿ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್. ಧೈರ್ಯ ಹೇಳಿ ಎರಡು ಸಾಲು. ಬುಷ್ ಅಮೆರಿಕದ 43ನೇ ಅಧ್ಯಕ್ಷ. ಫಾಸ್ಟರ್ ಅಂಗಿಯ ಮೇಲಿನ ಸಂಖ್ಯೆಯೂ 43.